ಉಣ್ಣೆ ತುಂಬಿದ ಗಂಟೆ

"ಕುರಿ ಇಲ್ಲೇ ಮಲಗ್ತಿದ್ವೇನು?"

ಕಾಶೀರಾಮರು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕೋಲಿನಿಂದ ನೆಲ ಕೆದಕುತ್ತ ಕೇಳಿದರು.

"ಇಲ್ಲೇರಿ ಕಾಕಾ. ಥಂಡಿ ಬಿದ್ದಮ್ಯಾಲ ಬ್ಯಾರೆ ಕಡಿ ಹೊಡದ್ರ ಹೋಗ್ತಿದ್ದಿಲ್ಲ. ಈ ಗ್ವಾಡಿಗೇ ಬಂದು ಬೆನ್ನ ಹಚ್ಚತಿದ್ವು," ಎಂದಳು ಚಂದ್ರಭಾಗಾ.

ಗೋಡೆಗುಂಟ ಕುರಿಹಿಕ್ಕೆ ಹಾಸಿಗೆಯಂತೆ ದಪ್ಪನಾಗಿ ಬಿದ್ದು ಒಣಗಿತ್ತು. ಬೀಳುಹೊಲದ ಉಳಿದ ಭಾಗದಲ್ಲಿ ಹುಡುಕಿದರೂ ಸಿಗದು. ಒರಟು ಗಿಲಾವಿಗೆ, ಕುರಿಯ ಬೆನ್ನಿನ ಎತ್ತರದಲ್ಲಿ, ಕರಿ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು. ಗೋಡೆಯ ಆಚೆ ಕಂಪನಿಯ ಗೋಡೌನು. ಅದರಾಚೆ ಕಣ್ಣು ಹಾಯುವವರೆಗೂ ಆಕಾಶಕ್ಕೆ ಮುಖ ಮಾಡಿ ನಿಂತ ಸೋಲಾರ ಪ್ಲೇಟುಗಳು.

ಕಂಪನಿಯ ಇದೇ ಬೇಲಿಯೊಳಗೆ, ಆದರೆ ಇಲ್ಲಿಂದ ಬಹಳ ದೂರದಲ್ಲಿ, ಮುಂಬಾಗಿಲ ಬಳಿ ಅವಳ ಗಂಡ ವೈಜಿನಾಥ ಸತ್ತು ಬಿದ್ದಿದ್ದ. ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ. ತಾಮ್ರದ ತಂತಿ ಕದಿಯಲು ಬಂದವನಿಗೆ ಕರೆಂಟು ಹೊಡೆಯಿತು ಎಂದು ಕಂಪನಿ ಹೇಳಿತು. ಊರು ಹೂಂ ಎಂದಿತು.

ಊರು ಹೂಂ ಎಂದದ್ದೇ ಚಂದ್ರಭಾಗಾಳ ಕುತ್ತಿಗೆಗೆ ಬಂದಿತ್ತು. ರಾಶಿ ಮುಗಿದ ಹೊಲಗಳಲ್ಲಿ ಅವಳ ಹಿಂಡನ್ನು ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಬದಲಾಗಿ ಜೋಳ ಕೊಡುತ್ತಿದ್ದ ಮನೆಗಳು ಮೆಹಕರದಿಂದ ಭಾತಂಬ್ರಾದವರೆಗೆ ಇದ್ದವು. ಈಗ ಒಬ್ಬರೂ ಕರೆಯಲಿಲ್ಲ. ಕಳ್ಳನ ಹಿಂಡು ಎಂದು ಹೆಸರು ಬಿದ್ದಿತ್ತು. ಆ ಹೆಸರು ಅಳಿಯದಿದ್ದರೆ ಕುರಿಗಳು ಕಸಾಯಿಯ ಪಾಲು, ಅವಳು ಕಂಡವರ ಹೊಲದ ಕೂಲಿ.

ಕಾಶೀರಾಮರು ಭಾತಂಬ್ರಾದವರು. ಪೊಲೀಸ್ ಸಬ್‌ಇನ್‌ಸ್ಪೆಕ್ಟರಾಗಿ ನಿವೃತ್ತರಾಗಿ ಬೀದರಿನಲ್ಲಿ ಮನೆ ಮಾಡಿಕೊಂಡವರು. ಈ ಮಳೆಗಾಲದಲ್ಲಿ ಹೆಂಡತಿ ಶೇವಂತಾಬಾಯಿ ತೀರಿಕೊಂಡ ಮೇಲೆ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರು. ಬೆಳಿಗ್ಗೆ ಬುದ್ಧನ ಮೂರ್ತಿಯ ಮುಂದೆ ವಂದನೆ ಹೇಳುವಾಗ ಎರಡನೆಯ ದನಿಗಾಗಿ ತುಸು ಕಾಯುವರು. ಅದು ಬಾರದೆ ಮುಂದಿನ ಸಾಲಿಗೆ ಹೋಗುವರು. ಹಾಗೆ ಕುಳಿತಿದ್ದವರ ಬಾಗಿಲಿಗೆ ಚಂದ್ರಭಾಗಾಳನ್ನು ಕರೆತಂದವರು ವಕೀಲ ಮಾಣಿಕಪ್ಪ. ಬೀದರ ಕೋರ್ಟಿನಲ್ಲಿ ಬಡವರ ಪಾಲಿನ ವಕೀಲರೆಂದು ಅವರ ಹೆಸರು ದೊಡ್ಡದು.

"ನಾ ಫೀ ತೊಗೊಳ್ಳಾಂಗಿಲ್ರಿ ಕಾಶೀರಾಮಣ್ಣ," ಎಂದಿದ್ದರು ಅವರು. "ನೀವು ಸುಳಿವು ಹುಡುಕ್ರಿ. ಏನ ಸಿಕ್ರೂ ಮೊದಲು ನನ್ನ ಕಿವಿಗಿ ಹಾಕ್ರಿ."

ಕಾಶೀರಾಮರು ಗೋಡೆಗೆ ಅಂಗೈ ಇಟ್ಟು ನೋಡಿದರು. ಮಧ್ಯಾಹ್ನದ ಬಿಸಿಲಿನಲ್ಲೂ ಅದು ತಣ್ಣಗಿತ್ತು.

"ಥಂಡ್ಯಾಗ ಕುರಿ ಬೆನ್ನ ಹಚ್ಚತಾವಂದ್ರ, ಗ್ವಾಡಿ ಬೆಚ್ಚಗಿತ್ತೇನು?"

"ರೊಟ್ಟಿ ಹಂಚಿನ ಗತಿ ಇತ್ತರಿ. ಇಲ್ಲಿ ಕಬ್ಬಿಣದ ಜಾಳಗಿ ಇದ್ವು. ಅದರಾಗಿಂದ ಬಿಸಿ ಗಾಳಿ ಬರ್ತಿತ್ತು. ಹಗಲಿಲ್ಲ ರಾತ್ರಿಲ್ಲ, ಒಳಗ ಗುಂಯ್ ಅಂತಿತ್ತು. ನಮ್ಮ ಮನಿಯವರು ನಗ್ತಿದ್ರು, ಕಂಪನಿಯವರು ನಮ್ಮ ಕುರಿಗೋಳಿಗಿ ಬಾಣಂತನ ಮಾಡ್ಲಕತ್ತಾರ ಅಂತ."

ಅವಳು ತೋರಿಸಿದ ಕಡೆ ಜಾಳಿಗೆ ಇರಲಿಲ್ಲ. ಹೊಸ ಸಿಮೆಂಟಿನ ಚೌಕಗಳಿದ್ದವು. ಬಣ್ಣ ಇನ್ನೂ ಹಸಿರುಗಪ್ಪು. ಉಗುರಿನಿಂದ ಕೆರೆದರೆ ಉದುರುತ್ತಿತ್ತು.

"ಇವು ಯಾವಾಗ ಮುಚ್ಚಿದ್ರು?"

"ನಮ್ಮವರು ಹೋದ ಮರುದಿನ."

ಕಾಶೀರಾಮರು ಕಣ್ಣು ಕಿರಿದು ಮಾಡಿ ಪ್ಲೇಟುಗಳ ಕಡೆ ನೋಡಿದರು. ಸೂರ್ಯ ಮುಳುಗಿದ ಮೇಲೆ ಈ ಪ್ಲೇಟು ಕರೆಂಟು ಹುಟ್ಟಿಸುವುದಿಲ್ಲ. ಆದರೂ ರಾತ್ರಿಯಿಡೀ ಗೋಡೌನು ಒಲೆಯಂತೆ ಕಾಯುತ್ತಿತ್ತು. ಗೋಡೌನಿನಲ್ಲಿ ಸಾಮಾನಿದ್ದರೆ ಅದು ಬಿಸಿ ಉಸಿರು ಬಿಡುವುದಿಲ್ಲ. ಬಿಡುವುದು ಯಂತ್ರ.

ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿ ಹಗಲು ರಾತ್ರಿ ಲೆಕ್ಕ ಮಾಡಿಸಿ, ಕ್ರಿಪ್ಟೊ ಎಂಬ ಕಣ್ಣಿಗೆ ಕಾಣದ ನಾಣ್ಯ ಹುಟ್ಟಿಸುವವರ ಸುದ್ದಿಯನ್ನು ಅವರು ಪೇಪರಿನಲ್ಲಿ ಓದಿದ್ದರು. ಒಂದು ಊರಿನ ಕರೆಂಟನ್ನು ಒಂದು ಕೋಣೆ ತಿನ್ನುತ್ತದಂತೆ. ತಿಂದದ್ದೆಲ್ಲ ಬಿಸಿಯಾಗಿ ಹೊರಗೆ ಬರುತ್ತದಂತೆ.

"ಮೆಹಕರದ ಮಂದಿ ಭಾಲ್ಕಿ ತಹಸೀಲ ಕಚೇರಿ ಮುಂದ ಧರಣಿ ಕುಂತಿದ್ರಲ್ಲ, ಏನ ಕೇಳ್ಲಕ?"

"ಇದೇ ಕೇಳಿದ್ರರಿ. ಸೂರ್ಯನ ಕರೆಂಟ ಬರ್ತದ ಅಂತ ಹೊಲಾ ಬಿಡಸ್ಕೊಂಡ್ರಿ, ನಮ್ಮ ಬಾವಿ ಮೋಟಾರಿಗಿ ಇದ್ದ ಕರೆಂಟೂ ಹೋಯ್ತಲ್ಲ, ಎಲ್ಲಿ ಹೋಯ್ತು ಅಂತ. ಇನ್ನೊಂದ ಕೇಳಿದ್ರು, ಈ ಹೊಲದ ಮಾಲಕ ಯಾರು ಅಂತ. ಕಂಪನಿ ಪರದೇಶದ್ದು. ಪರದೇಶದವರಿಗಿ ಇಲ್ಲಿ ಹೊಲ ತೊಗೊಳ್ಳಾಕ ಕಾಯ್ದೆ ಬಿಡಂಗಿಲ್ಲ ಅಂತ ವಕೀಲ ಸಾಹೇಬ್ರೇ ಹೇಳಿದ್ರು."

"ಜವಾಬು ಸಿಕ್ತೇನು?"

"ಚಹಾ ಸಿಕ್ತರಿ."

ಅವಳ ಮುಖದಲ್ಲಿ ನಗು ಇರಲಿಲ್ಲ.

"ನಿನ್ನ ಗಂಡನ ಕಂಬಳಿ ಸಿಕ್ತೇನು?" ಎಂದು ಕೇಳಿದರು ಕಾಶೀರಾಮರು, ಏಳುತ್ತ.

"ಇಲ್ಲ. ಅದೇ ನನಗ ಕಾಡ್ಲಕತ್ತದ ಕಾಕಾ. ಇಂಥಾ ಥಂಡ್ಯಾಗ ಕಂಬಳಿ ಬಿಟ್ಟು ಹೋದವರಲ್ಲ. ನಾಯಿ ಎಳದಾಡಿ ಅಂಚು ಹರದಿತ್ತು. ಕೆಂಪ ದಾರ ಹಾಕಿ ನಾನ ಹೊಲದಿದ್ದೆ."

*

ಮೆಹಕರದ ಹೊರಗೆ, ಜಾಲಿಮುಳ್ಳಿನ ಬೇಲಿ ಹಾಕಿದ ಕುರಿದಡ್ಡಿಯಲ್ಲಿ ಮರಿಗಳು ಮಾತ್ರ ಇದ್ದವು. ಹಿಂಡನ್ನು ಮೈದುನ ದಿಲೀಪ ನೀರಿಗೆ ಹೊಡೆದುಕೊಂಡು ಹೋಗಿದ್ದ. ಅವನ ಹೆಂಡತಿ ಸುಜಾತಾ ತುಂಬಿದ ಬಸುರಿ. ಅವರಾದಿನ ತವರಿಗೆ ಹೋಗಿದ್ದಳು.

ಚಂದ್ರಭಾಗಾ ಚಹಾ ಕೊಟ್ಟಳು. ಕಾಶೀರಾಮರು ಆ ಮುಂಜಾವಿನ ಸಂಗತಿಯನ್ನು ಇನ್ನೊಮ್ಮೆ ಹೇಳಲು ಹೇಳಿದರು. ಸಾಕ್ಷಿಗಳಿಂದ ಒಂದೇ ಮಾತನ್ನು ಎರಡು ಸಲ ಹೇಳಿಸುವುದು ಅವರ ಹಳೆಯ ಪದ್ಧತಿ.

"ಏನದ ಹೇಳ್ಲಕ. ನಸಿಕಿನ್ಯಾಗ ಎದ್ದು ನೋಡಿದ್ರ ಹಿಂಡ ದಡ್ಡ್ಯಾಗ ನಿಂತಿತ್ತು. ನಾಯಿ ಹೊಡಕೊಂಡು ಬಂದಿತ್ತು. ಮನಿಯವರು ಹಿಂದ ಬರ್ಲಕತ್ತಾರ ಅಂತ ನೀರ ಕಾಸಲಕ ಇಟ್ಟೆ. ಹೊತ್ತೇರಿದ ಮ್ಯಾಲ ಕಂಪನಿ ಮನಷ್ಯಾ ಬಂದು ಹೇಳ್ದ."

"ಹಿಂಡ ಬಂದದ್ದು ನಿನಗ ತಿಳೀಲಿಲ್ಲೇನು?"

"ಸಪ್ಪಳಾನೇ ಇದ್ದಿಲ್ಲಲ್ರಿ. ಟಗರಿನ ಗಂಟಿ ಸಪ್ಪಳಾಗಿದ್ರ ಏಳ್ತಿದ್ದೆ."

ಕಾಶೀರಾಮರು ಚಹಾದ ಲೋಟ ಕೆಳಗಿಟ್ಟರು.

"ಗಂಟಿ ಯಾಕ ಸಪ್ಪಳಾಗಲಿಲ್ಲ?"

ಅವಳು ಗುಡಿಸಲೊಳಗೆ ಹೋಗಿ ಹಿತ್ತಾಳೆಯ ಗಂಟೆಯೊಂದನ್ನು ತಂದು ಅವರ ಮುಂದಿಟ್ಟಳು. ಖಾನಾಪುರದ ಮೈಲಾರ ಮಲ್ಲಣ್ಣನ ಪಾದಕ್ಕೆ ಮುಟ್ಟಿಸಿ ತಂದದ್ದು. ಮೇಲೆ ಭಂಡಾರದ ಹಳದಿ ಹತ್ತಿತ್ತು. ಗಂಟೆಯ ಬಾಯಿಗೆ ಕರಿ ಉಣ್ಣೆ ಬಿಗಿಯಾಗಿ ತುಂಬಿತ್ತು. ಒಳಗಿನ ನಾಲಗೆ ಅಲುಗದಂತೆ ಉಣ್ಣೆಯನ್ನೇ ಹೊಸೆದು ಕಟ್ಟಿದ್ದರು.

"ಇದು ನಮ್ಮ ಮನಿ ರೂಢಿ ಕಾಕಾ. ಬ್ಯಾರೆಯವರದು ಹಿಂಗಿಲ್ಲ. ಹಿಂಡಿನ ಯಜಮಾನ ತೀರಿದ್ರ ಮುಂದಿನ ಟಗರಿನ ಗಂಟಿಗಿ ಅದರದೇ ಉಣ್ಣಿ ತುಂಬತಾರ. ಸತ್ತವರ ದಿನಕರ್ಮ ಆಗೋ ತನಕ ಅದರ ಸಪ್ಪಳ ಆಗಬಾರದು. ನಮ್ಮ ಅತ್ತಿ ಕೌಸಲ್ಯಾಬಾಯಿ ತನ್ನ ಮಕ್ಕಳಿಬ್ಬರಿಗೂ ಕಲಿಸಿದ್ದಳು. ನಾಕ ದಿನದ ಹಿಂದ ಕೊರಳ ಬಾರ ಹರಿದು ಬಿತ್ತು, ಅದಕ್ಕ ಒಳಗ ಇಟ್ಟೀನಿ."

"ಇದನ್ನ ತುಂಬಿದವರು ಯಾರು?"

"ದಿಲೀಪ ತುಂಬಿರಬೇಕು. ಅವ ಭಾಲ್ಕಿ ಸಂತಿಯಿಂದ ಬಂದ ಮ್ಯಾಲ. ಇನ್ಯಾರು..."

ಮಾತು ಅಲ್ಲಿಗೇ ನಿಂತಿತು. ತಾನು ಈಗ ತಾನೇ ಹೇಳಿದ್ದು ಅವಳ ಕಿವಿಗೇ ಬಿದ್ದಿತ್ತು.

ಹಿಂಡು ನಸುಕಿನಲ್ಲಿ ಸದ್ದಿಲ್ಲದೆ ಬಂದಿತ್ತು. ಸಾವಿನ ಸುದ್ದಿ ಬಂದದ್ದು ಹೊತ್ತೇರಿದ ಮೇಲೆ. ಸುದ್ದಿಗೆ ಮೊದಲೇ ಗಂಟೆಗೆ ಸೂತಕ ಹಿಡಿದಿತ್ತು.

ಕಾಶೀರಾಮರು ಎದ್ದು ದಡ್ಡಿಯ ಆಚೆ ಹೋಗಿ ಮಾಣಿಕಪ್ಪನವರಿಗೆ ಫೋನ್ ಹಚ್ಚಿದರು. ಗೋಡೌನಿನ ಬಿಸಿ, ಮುಚ್ಚಿದ ಜಾಳಿಗೆ, ಗಂಟೆಯ ಉಣ್ಣೆ, ಎಲ್ಲ ಹೇಳಿದರು.

"ತುಂಬಿದವಗ ಸಾವು ಮೊದಲೇ ಗೊತ್ತಿತ್ತರಿ ವಕೀಲ ಸಾಹೇಬ್ರ. ಮನಿಯವರೇ ಯಾರೋ."

ಆ ಕಡೆಯಿಂದ ಮಾಣಿಕಪ್ಪನವರ ಮೆದು ದನಿ ಬಂತು: "ಭಾಳ ಚೊಲೊ ಕೆಲಸ ಮಾಡೀರಿ. ನಾ ಅವರಾದದಾಗೇ ಇದ್ದೀನಿ. ಗಂಟಿ ಯಾರ ಕೈಗೂ ಕೊಡಬ್ಯಾಡ್ರಿ. ಬಂದೆ."

ಕಾಶೀರಾಮರು ತಿರುಗಿ ಬಂದು ಆ ಮಾತನ್ನು ಚಂದ್ರಭಾಗಾಳಿಗೂ ಹೇಳಿದರು.

*

ಹಿಂಡು ತಿರುಗಿ ಬಂದಾಗ ಧೂಳು ಮುಗಿಲಿಗೆ ಹತ್ತಿತ್ತು. ದಿಲೀಪ ಕೋಲನ್ನು ಬೇಲಿಗೆ ಆನಿಸಿ ಬಂದವನು, ಕಾಶೀರಾಮರ ಮುಂದಿದ್ದ ಗಂಟೆಯನ್ನು ನೋಡಿದ. ನೋಡಿಯೂ ನೋಡದವನಂತೆ ತಂಬಿಗೆ ಎತ್ತಿ ನೀರು ಕುಡಿದ.

"ಕುಂಡ್ರು ದಿಲೀಪ. ನೀ ಕಂಪನ್ಯಾಗ ರಾತ್ರಿ ಕಾವಲಿ ಇದ್ದಿ. ಆವತ್ತು ಯಾಕ ಇದ್ದಿಲ್ಲ?"

"ಹೇಳೀನಲ್ರಿ ಸಾಹೇಬ್ರ. ರಜಾ ಹಾಕಿ ಭಾಲ್ಕಿ ಸಂತಿಗಿ ಟಗರ ಹೊಡಕೊಂಡು ಹೋಗಿದ್ದೆ. ಅಲ್ಲೇ ಮಲಗಿದ್ದೆ."

"ಸುದ್ದಿ ಎಲ್ಲಿ ಮುಟ್ತು?"

"ಬಸ್ ಇಳದಾಗ. ಮಂದಿ ನಿಂತಿದ್ರು."

"ಈ ಉಣ್ಣಿ ಯಾವಾಗ ತುಂಬಿದಿ?"

"ಮನಿಗಿ ಬಂದ ಮ್ಯಾಲ. ಅವ್ವ ಹೇಳಿಕೊಟ್ಟಂಗ."

"ಹಿಂಡ ಬಂದಾಗೇ ಗಂಟಿ ಸಪ್ಪಳ ಇದ್ದಿಲ್ಲ ಅಂತಾಳಲ್ಲ ನಿಮ್ಮ ವೈನಿ."

"ವೈನಿ ನಿದ್ದಿಗಣ್ಣಾಗ ಇದ್ದಿರಬೇಕು."

"ನಿದ್ದಿಗಣ್ಣಾಗ ಇದ್ದವರನ್ನ ಎಬ್ಬಸ್ಲಕೇ ಗಂಟಿ ಕಟ್ಟತಾರ ದಿಲೀಪ," ಎಂದಳು ಚಂದ್ರಭಾಗಾ. ಅವಳ ದನಿ ಏರಲಿಲ್ಲ.

ದಿಲೀಪ ನಗಲು ನೋಡಿದ. "ಸಾಹೇಬ್ರ, ನೀವು ಪೊಲೀಸರು. ಉಣ್ಣಿ ನೋಡಿ ಹೊತ್ತ ಹೇಳ್ತೀರೇನು? ನಾವು ಹುಟ್ಟಿದಾಗಿಂದ ಕುರಿ ಕಾಯ್ದೀವಿ, ನಮಗೇ ಬರಂಗಿಲ್ಲ."

"ನನಗೂ ಬರಂಗಿಲ್ಲಪ್ಪ. ನಾ ಕೇಳ್ಲಕತ್ತೀನಿ ಅಷ್ಟೇ."

ಚಂದ್ರಭಾಗಾ ಎದ್ದಳು. ಗುಡಿಸಲಿನ ಗೂಡಿನಲ್ಲಿದ್ದ ಭಂಡಾರದ ಚೀಲ ತಂದು, ಹಿಡಿ ತುಂಬ ಹಳದಿ ತೆಗೆದು ಮೈದುನನ ಮುಂದೆ ಅಂಗೈ ಚಾಚಿದಳು.

"ಮುಟ್ಟು. ಮಲ್ಲಣ್ಣನ ಭಂಡಾರ ಮುಟ್ಟಿ ಹೇಳು, ನಾ ಭಾಲ್ಕ್ಯಾಗ ಇದ್ದೆ ಅಂತ. ಮುಂದ ನಾ ಒಂದ ಮಾತ ಕೇಳಂಗಿಲ್ಲ. ಕಾಕಾನೂ ಕೇಳಂಗಿಲ್ಲ."

ದಿಲೀಪನ ಕೈ ಮುಂದೆ ಬಂತು. ಬೆರಳು ಹಳದಿಗೆ ತಾಗಲಿಲ್ಲ. ಗಾಳಿಗೆ ಭಂಡಾರ ಹಾರಿ ಅವನ ಮೊಣಕಾಲಿನ ಮೇಲೆ ಬಿದ್ದಿತು. ಅವನು ಅದನ್ನು ಕೆಂಡ ಬಿದ್ದವನಂತೆ ನೋಡಿದ.

"ನಾ ಹೊಡದಿಲ್ಲ ವೈನಿ," ಎಂದ. "ಅಣ್ಣನ ಮೈ ಮ್ಯಾಲ ನಾ ಕೈ ಮಾಡಿಲ್ಲ."

"ಮತ್ತ?"

"ಮರಿ ಸಿಕ್ಕೊಂಡಿತ್ತು. ಜಾಳಗ್ಯಾಗ. ಬೆಚ್ಚಗ ಅದ ಅಂತ ಒಂದ ಮರಿ ಕಾಲ ತುರುಕಿ ಒದರ್ಲಕತ್ತಿತ್ತು. ಅಣ್ಣ ಅದನ್ನ ಎಳೀಲಕ ಹೋದ. ಒಳಗ ಯಾವದೋ ವೈರ ಜಾಳಗಿಗಿ ಹತ್ತಿತ್ತು. ನಾ ಒಳಗ ಕಾವಲಿ ಇದ್ದೆ. ಸಪ್ಪಳಾ ಕೇಳಿ ಓಡಿ ಹೋಗಿ ಮೇನ್ ಸ್ವಿಚ್ ಬಂದ್ ಮಾಡೀನಿ. ಹೊರಗ ಬಂದ್ರ ಅಣ್ಣ ಬಿದ್ದಿದ್ದ."

"ಆ್ಯಂಬುಲೆನ್ಸಿಗಿ ಫೋನ್ ಮಾಡ್ದೇನು?" ಕಾಶೀರಾಮರು ಕೇಳಿದರು.

"ಮಾಡ್ಲಕ ಹೋಗಿದ್ದೆ. ಮೊದಲು ಅವರಿಗಿ ಹೇಳಬೇಕಂತ ಅವರಿಗಿ ಮಾಡೀನಿ. ಅವರಂದ್ರು, ಆ್ಯಂಬುಲೆನ್ಸ ಬಂದ್ರ ಹಿಂದೇ ಪೊಲೀಸ್ ಬರ್ತಾರ, ಗೋಡೌನ ನೋಡ್ತಾರ. ಹೊಲಾ ಎಲ್ಲಾ ಕಾಗದದ ಮ್ಯಾಲ ನಿನ್ನ ಹೆಸರಿಲಿ ಅವ, ಕಂಪನಿಯವರು ಪರದೇಶಕ್ಕ ಹೋಗ್ತಾರ, ಜೇಲಿಗಿ ನೀ ಹೋಗ್ತಿ. ಲಾರಿ ಕಳಸ್ತೇನಿ, ಮಷಿನ ಎಲ್ಲಾ ಹೋದ ಮ್ಯಾಲ ದವಾಖಾನಿಗಿ ಒಯ್ಯು. ಅಲ್ಲೀತನಕ ಕುಂಡ್ರು ಅಂತ."

"ನಿನ್ನ ಹೆಸರಿಲಿ," ಎಂದಳು ಚಂದ್ರಭಾಗಾ, ತಿಳಿಯದವಳಂತೆ.

"ಹೆಬ್ಬಟ್ಟ ಒತ್ತಿಸಿಕೊಂಡಿದ್ರು ವೈನಿ. ಕಾವಲಿ ನೌಕರಿಗಿ ಅಂತ ತಿಳಿದಿದ್ದೆ. ಆಮ್ಯಾಲ ಗೊತ್ತಾಯ್ತು. ಗೊತ್ತಾದ ಮ್ಯಾಲ ಸುಮ್ಮನಿದ್ದೆ."

ಒಂದು ಮರಿ ಬಂದು ಅವನ ಬೆನ್ನಿಗೆ ತಲೆ ತಿಕ್ಕಿತು. ಅವನು ಅದನ್ನು ದೂಡಲಿಲ್ಲ.

"ಕುಂತೆ. ಟಗರ ಅಣ್ಣನ ಸುತ್ತ ತಿರಗಲಕತ್ತಿತ್ತು. ಅದರ ಗಂಟಿ ನಿಂದ್ರಲೇ ಇಲ್ಲ. ಆ ಸಪ್ಪಳಾ ನನಗ ತಡೀಲಕ ಆಗಲಿಲ್ಲ. ಯಾರರೆ ಕೇಳ್ಯಾರು ಅಂತೂ ಅಂಜಿಕಿ. ಟಗರ ಹಿಡದು ಉಣ್ಣಿ ಕಿತ್ತು ತುಂಬೀನಿ. ಕೈ ತನ್ನಷ್ಟಕ್ಕ ತಾನೇ ಕಟ್ತು, ಅವ್ವ ಕಲಿಸಿದ ಗಂಟು."

ಕಾಶೀರಾಮರಿಗೆ ಮುಂದಿನ ಪ್ರಶ್ನೆ ಗೊತ್ತಿತ್ತು. ಕೇಳಲು ಮನಸ್ಸಿರಲಿಲ್ಲ. ಪೊಲೀಸ್ ಕೆಲಸ ಬಿಟ್ಟು ಇಷ್ಟು ವರ್ಷವಾದರೂ ನಾಲಗೆಯನ್ನು ಅದು ಬಿಟ್ಟಿರಲಿಲ್ಲ.

"ಆಗ ನಿಮ್ಮ ಅಣ್ಣಗ ಜೀವ ಇತ್ತೇನು?"

ದಿಲೀಪ ತಲೆ ಎತ್ತಲಿಲ್ಲ.

"ಉಸಿರಿತ್ತರಿ. ಮಾತಿದ್ದಿಲ್ಲ. ಕಣ್ಣ ತೆರದಿದ್ವು." ಅವನು ಗಂಟೆಯನ್ನು ತೋರಿಸಿದ. "ನಾ ಅದನ್ನ ಕಟ್ಟೋದು ನೋಡ್ಲಕತ್ತಿದ್ದ."

ದಡ್ಡಿಯಲ್ಲಿ ಕುರಿಗಳು ಮೆಲುಕು ಹಾಕುತ್ತಿದ್ದವು. ಚಂದ್ರಭಾಗಾಳ ಅಂಗೈಯ ಭಂಡಾರ ಬೆರಳ ಸಂದಿನಿಂದ ಸೋರಿ ನೆಲಕ್ಕೆ ಬಿದ್ದು ಮುಗಿಯಿತು. ಅವಳ ಕೈ ಹಾಗೆಯೇ ಚಾಚಿತ್ತು.

ಕಾಶೀರಾಮರಿಗೆ ತಮ್ಮ ಮನೆಯ ಮಂಚ ನೆನಪಾಯಿತು. ಕೊನೆಯ ಗಳಿಗೆಯಲ್ಲಿ ಶೇವಂತಾಬಾಯಿಯ ಕೈ ತಮ್ಮ ಕೈಯಲ್ಲಿತ್ತು. ಅಷ್ಟು ಭಾಗ್ಯವನ್ನೂ ಈ ಮನುಷ್ಯನಿಗೆ ಒಡಹುಟ್ಟಿದವನು ಕೊಡಲಿಲ್ಲ.

"ಬಾಗಿಲ ಹತ್ರ ಒಯ್ದವರು?"

"ಲಾರಿ ಮಂದಿ. ಅಣ್ಣನ ಕಂಬಳ್ಯಾಗೇ ಹೊತ್ಕೊಂಡು ಹೋದ್ರು. ಅಷ್ಟೊತ್ತಿಗಿ ಮುಗದಿತ್ತು. ಇಕ್ಕಳ ಅವರೇ ಕೈಯಾಗಿಟ್ರು. ಕಂಬಳಿ ಮತ್ತ ನಾ ನೋಡಿಲ್ಲ."

"ಕುಂಡ್ರು ಅಂದವರು ಯಾರು ದಿಲೀಪ? ನೀ ಫೋನ್ ಮಾಡಿದ್ದು ಯಾರಿಗಿ?"

ದಿಲೀಪ ಮೊದಲ ಬಾರಿಗೆ ಅವರ ಕಣ್ಣಿಗೆ ಕಣ್ಣು ಕೊಟ್ಟ. ಆ ಕಣ್ಣುಗಳಲ್ಲಿ ಭಯಕ್ಕಿಂತ ಅಚ್ಚರಿ ಹೆಚ್ಚಿತ್ತು.

"ನಿಮಗ ಗೊತ್ತಿಲ್ಲೇನ್ರಿ? ಹೊಲದ ಕಾಗದ ಮಾಡಿದವರೂ ಅವರೇ. ನಿಮ್ಮ ಮಾಣಿಕಪ್ಪ ವಕೀಲ ಸಾಹೇಬ್ರು."

ಏನು ಸಿಕ್ಕರೂ ಮೊದಲು ನನ್ನ ಕಿವಿಗೆ ಹಾಕಿರಿ ಎಂದವರ ಕಿವಿಗೆ ಕಾಶೀರಾಮರು ಎಲ್ಲವನ್ನೂ ಹಾಕಿ ಮುಗಿಸಿದ್ದರು.

ಹೊಲದ ದಾರಿಯಲ್ಲಿ ಗಾಡಿಯ ಹಾರ್ನು ಕೇಳಿತು.

*

ಬಿಳಿ ಗಾಡಿ ದಡ್ಡಿಯ ಬಾಯಿಗೇ ಬಂದು ನಿಂತಿತು. ಮಾಣಿಕಪ್ಪನವರು ಇಳಿದರು. ಅವರ ಹಿಂದೆ ಇಬ್ಬರು ಅಪರಿಚಿತರು ಇಳಿದು, ಒಬ್ಬ ಬೇಲಿಯ ಈ ಕ‌ಡೆ, ಇನ್ನೊಬ್ಬ ಆ ಕಡೆ ನಿಂತರು. ಪೊಲೀಸರು ಇರಲಿಲ್ಲ.

"ಠಾಣೆದವರು ಅವರಾದದಾಗ ಕಾಯ್ಲಕತ್ತಾರ," ಎಂದರು ಮಾಣಿಕಪ್ಪ, ಎಲ್ಲರಿಗೂ ಕೈ ಮುಗಿದು. "ಗಂಟಿಗಿ ಉಣ್ಣಿ ತುಂಬಿದವರು ತಾವಾಗೇ ಬಂದು ಹೇಳಿಕಿ ಕೊಟ್ರ ಚೊಲೊ. ನಾ ಜೋಡಿ ಇರ್ತೇನಿ. ಯಾರು ಬರ್ತೀರಿ? ದಿಲೀಪ, ಸುಜಾತಾನೂ ಗಾಡ್ಯಾಗ ಅದಾಳ. ತವರಮನ್ಯಾಗ ಹೊಟ್ಟಿ ನೋಯ್ಲಕತ್ತದ ಅಂದಳು, ದವಾಖಾನಿಗಿ ತೋರಸ್ತೇನಿ ಅಂತ ಕೂಡಿಸ್ಕೊಂಡೀನಿ."

ಹಿಂದಿನ ಸೀಟಿನಲ್ಲಿ ಸುಜಾತಾ ಮುದುಡಿ ಕುಳಿತಿದ್ದಳು. ಚಳಿಗೆಂದು ಯಾರೋ ಅವಳ ಹೆಗಲಿಗೆ ಕರಿ ಕಂಬಳಿ ಹೊದಿಸಿದ್ದರು. ಚಂದ್ರಭಾಗಾಳ ಕಣ್ಣು ಆ ಕಂಬಳಿಯ ಮೇಲೆ ನಿಂತಿತು.

ದಿಲೀಪ ಎದ್ದು ನಿಂತ. ಅವನ ಬಾಯಿ ತೆರೆಯಿತು. ಅದರಿಂದ ಮಾತು ಹೊರಡುವ ಮೊದಲೇ ಚಂದ್ರಭಾಗಾ ಮುಂದೆ ಬಂದಳು.

"ನಾನ ತುಂಬೀನ್ರಿ," ಎಂದಳು.

ಮಾಣಿಕಪ್ಪನವರ ಮುಖದ ನಗು ಹಾಗೇ ನಿಂತಿತು. ಅದು ಸುಳ್ಳೆಂದು ಅವರಿಗೆ ಗೊತ್ತು. ಸುಳ್ಳೆಂದು ಹೇಳಿದರೆ, ಹೇಗೆ ಗೊತ್ತೆಂದೂ ಹೇಳಬೇಕಾಗುತ್ತದೆ. ಆ ರಾತ್ರಿಯನ್ನು ಕಂಡ ಒಬ್ಬನೇ ಸಾಕ್ಷಿ ದಿಲೀಪ ಹೀಗೆ ಇಲ್ಲೇ ಉಳಿಯುತ್ತಾನೆ.

"ನೀ ಏನು ತಂಗಿ?"

"ಹೌದರಿ, ನಾನ. ನಡೀರಿ ಎಲ್ಲಿಗಿ ಬರಬೇಕು. ದಿಲೀಪ ಕುರಿ ನೋಡಕೊಂಡು ಇಲ್ಲೇ ಇರ್ಲಿ. ಸುಜಾತಾನ ಜೋಡಿ ಹೆಣ್ಣಾಳು ಯಾರರೆ ಬೇಕಲ್ಲ."

"ಚಂದ್ರಭಾಗಾ," ಎಂದು ಕಾಶೀರಾಮರು ಒಂದು ಹೆಜ್ಜೆ ಇಟ್ಟರು. ಬೇಲಿಯ ಪಕ್ಕದವನೂ ಒಂದು ಹೆಜ್ಜೆ ಇಟ್ಟ.

ಅವಳು ಗಂಟೆಯನ್ನೆತ್ತಿ ಕಾಶೀರಾಮರ ಕೈಯಲ್ಲಿಟ್ಟು, ಅವರ ಬೆರಳುಗಳನ್ನು ಅದರ ಸುತ್ತ ಮಡಚಿದಳು. "ಯಾರಿಗೂ ಕೊಡಬ್ಯಾಡ ಅಂದಾರಲ್ರಿ ಕಾಕಾ ವಕೀಲ ಸಾಹೇಬ್ರು. ಕೊಡಬ್ಯಾಡ್ರಿ."

ಆಮೇಲೆ ಗಾಡಿ ಹತ್ತಿ ಸುಜಾತಾಳ ಪಕ್ಕ ಕುಳಿತಳು. ಬಸುರಿಯ ಭುಜದಿಂದ ಜಾರಿದ ಕಂಬಳಿಯನ್ನು ಸರಿಪಡಿಸುವವಳಂತೆ, ಅದರ ತುದಿಯನ್ನು ತನ್ನ ತೊಡೆಯ ಮೇಲೆಳೆದುಕೊಂಡಳು. ಬಾಗಿಲು ಮುಚ್ಚುವಾಗ ಆ ತುದಿಯನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು.

ಪಟ್ಟಣದ ವಕೀಲನಿಗೆ ಕರಿ ಕಂಬಳಿಗಳೆಲ್ಲ ಒಂದೇ. ಕಾಶೀರಾಮರು ಕಂಡರು: ಹರಿದ ಅಂಚಿಗೆ ಕೆಂಪು ದಾರದ ಹೊಲಿಗೆ.

ಗಾಡಿ ಧೂಳೆಬ್ಬಿಸಿ ರಸ್ತೆ ಕೂಡುವಲ್ಲಿ ಒಂದು ಗಳಿಗೆ ನಿಂತಿತು. ಅವರಾದಿನ ದಾರಿ ಬಲಕ್ಕಿತ್ತು. ಗಾಡಿ ಎಡಕ್ಕೆ, ಕಂಪನಿಯ ಬೇಲಿಯ ಕಡೆ ಹೊರಳಿತು.